ಹಿತ್ತಲಿನ ಪತ್ರಾ ಶೆಡ್: ಪುಣೆಯ ಒಂದು ರೊಟ್ಟಿ ಮನೆಗೆ ಬಂದ ನೋಟೀಸು

ಈ ಪ್ರಕರಣ ಪುಣೆಯ ಒಂದು ಹಳೇ ಬಂಗಲೆ ಸೊಸೈಟಿಯದು. ಮನೆಯವರು ವಿಜಯಪುರದ ಕಡೆಯವರು. ಮನೆಯ ಯಜಮಾನರಾದ ಕಾಕಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಹೆಂಡತಿ ಕಾಕು ಬಹಳ ವರ್ಷಗಳಿಂದ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಹಿತ್ತಲಲ್ಲಿ ಪರವಾನಗಿ ಇಲ್ಲದೆ ಒಂದು ಪತ್ರಾ (ತಗಡಿನ) ಶೆಡ್ ಎದ್ದಿತು. ದೂರು ಹೋಯಿತು. ನೋಟೀಸು ಬಂತು. ಮನೆ ನಕಾಶೆ ಮತ್ತು ಪರವಾನಗಿಯೇ ನನ್ನ ಕೆಲಸ, ಹಾಗಾಗಿ ನೋಟೀಸು ಬಂದ ಮೇಲೆ ನನ್ನನ್ನು ಕರೆದರು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಸೊಸೈಟಿಯ ಹೆಸರು ಬಿಟ್ಟಿದ್ದೇನೆ.

ಇದನ್ನು ಪೂರ್ತಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಪುಣೆಯಲ್ಲಿ ನಮ್ಮ ಮಂದಿಯ ಇಂಥ ಮನೆಗಳು ಸಾಕಷ್ಟಿವೆ. ಹಿಂದೆ ಒಂದಿಷ್ಟು ಜಾಗ, ಮಾಡಬೇಕಾದ ಒಂದು ಸಣ್ಣ ಉದ್ಯೋಗ, ನೆತ್ತಿ ಮೇಲೆ ನೆರಳಿಲ್ಲ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಪತ್ರಾ ಹಾಕಿದರೆ ಏನಾಗುತ್ತದೆ? ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಎಲ್ಲಿ ಹಾಕುತ್ತೀರಿ? ಈ ಪ್ರಕರಣದಲ್ಲಿ ಎಲ್ಲವೂ ನಿಂತದ್ದು ಆ ಜಾಗದ ಮೇಲೆ.

ಶೆಡ್ ಎದ್ದದ್ದು ಹೇಗೆ

ಮನೆ 1991ರ ನಕಾಶೆಯದು. ಸುಮಾರು ಮೂರು ಗುಂಟೆ ಜಾಗ, ನೆಲಮಹಡಿ ಮಾತ್ರ. ಮೊದಮೊದಲು ಕಾಕು ಅಡುಗೆಮನೆಯಲ್ಲೇ ಬಡಿಯುತ್ತಿದ್ದರು. ಅಕ್ಕಪಕ್ಕದ ನಾಲ್ಕು ಮನೆಗೆ ಬಿಸಿ ರೊಟ್ಟಿ, ಅಷ್ಟೇ. ಆಮೇಲೆ ಖಟಕ್ (ಒಣಗಿಸಿದ ಗರಿಗರಿ) ರೊಟ್ಟಿಗೆ ಬೇಡಿಕೆ ಬಂತು. ಐಟಿ ಕಂಪನಿಗಳಿಗೆ ಬಂದ ಹುಬ್ಬಳ್ಳಿ, ಕಲಬುರಗಿ, ಬಾಗಲಕೋಟೆ ಹುಡುಗರು ಕಟ್ಟುಗಟ್ಟಲೆ ಒಯ್ಯತೊಡಗಿದರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸೇರಿದವು. ಎಳ್ಳಮಾವಾಸ್ಯೆ ಹತ್ತಿರ ಬಂದರೆ ಶೇಂಗಾ ಹೋಳಿಗೆಯ ಆರ್ಡರು ಬೇರೆ. ಮಾಲದಂಡಿ ಜೋಳದ ಚೀಲಗಳು ಪಡಸಾಲೆಯವರೆಗೆ ಬಂದು ಕೂತವು.

ಖಟಕ್ ರೊಟ್ಟಿಗೆ ಜಾಗ ಜಾಸ್ತಿ ಬೇಕು. ಬೇಯಿಸಿದ ರೊಟ್ಟಿಯನ್ನು ಹಾಗೇ ಕಟ್ಟುವಂತಿಲ್ಲ. ಅದು ಗಾಳಿಗೆ ಒಣಗಬೇಕು, ಹಸಿ ಉಳಿದರೆ ಬೂಸ್ಟು ಹಿಡಿಯುತ್ತದೆ. ಪುಣೆಯ ಮಳೆಗಾಲದಲ್ಲಿ ಹೊರಗೆ ಹರಡುವ ಮಾತೇ ಇಲ್ಲ. ಆದ್ದರಿಂದ 2025ರ ಬೇಸಿಗೆಯಲ್ಲಿ ಮಗ ಒಬ್ಬ ಫ್ಯಾಬ್ರಿಕೇಟರನ್ನು ಕರೆಸಿದ. ಆ ಮನುಷ್ಯ ಟೇಪು ಹಿಡಿದು ಅಳೆದ, ಚದರಡಿ ದರ ಹೇಳಿದ. ಪರವಾನಗಿ ಬೇಕಾ ಅಂತ ಕಾಕಾ ಕೇಳಿದ್ದರಂತೆ. “ನಟ್‌ಬೋಲ್ಟ್ ಕೆಲಸ ಕಾಕಾ, ನಾಳೆ ಬೇಡ ಅಂದರೆ ಬಿಚ್ಚಬಹುದು, ಇದಕ್ಕೆಲ್ಲ ಪರವಾನಗಿ ಬೇಕಿಲ್ಲ” ಅಂತ ಉತ್ತರ ಬಂತು. ಒಂದು ವಾರದೊಳಗೆ ಕೆಲಸ ಮುಗಿಯಿತು. ಉದ್ದ 14 ಅಡಿ, ಅಗಲ 10 ಅಡಿ, ಕಬ್ಬಿಣದ ಪೈಪಿನ ಕಂಬ, ಮೇಲೆ ಬಣ್ಣದ ಪತ್ರಾ, ಕೆಳಗೆ ಕಾಂಕ್ರೀಟು ನೆಲ. ಹಿಂದಿನ ಕಡೆ ಬೇರೆ ಗೋಡೆ ಹಾಕಲಿಲ್ಲ. ಕಂಪೌಂಡ್ ಗೋಡೆಯೇ ಗೋಡೆ. ಪತ್ರಾದ ಇಳಿಜಾರು ಹಿಂದಕ್ಕೆ, ಅಂದರೆ ಹಿಂದಿನ ಮನೆಯವರ ಕಡೆಗೆ.

ಖರ್ಚು ಸುಮಾರು 80 ಸಾವಿರ ರೂಪಾಯಿ. ಕಾಕು ರೊಟ್ಟಿ ಮಾರಿ ಕೂಡಿಸಿಟ್ಟ ಹಣ ಅದು.

ಜೂನ್ ಮಳೆ ಶುರುವಾಯಿತು. ಪತ್ರಾದ ನೀರು ನೇರವಾಗಿ ಹಿಂದಿನ ಮನೆಯ ಅಂಗಳಕ್ಕೆ ಬಿತ್ತು. ಆ ಮನೆಯ ಅಡುಗೆಮನೆಯ ಕಿಟಕಿ ಕಂಪೌಂಡಿನ ಆಚೆಗೇ ಇದೆ. ಹಂಚಿನ ಹೊಗೆ, ಎರಡು ದೊಡ್ಡ ಒಲೆಯ ಸದ್ದು, ಮುಂಜಾನೆ ಐದಕ್ಕೆ ಶುರುವಾಗುವ ಬಡಿತ, ಎಲ್ಲ ಅವರ ಕಿಟಕಿಯೊಳಗೆ. ಆ ಮನೆಯ ಹಿರಿಯರು ಮೊದಲು ಬಾಯಿಮಾತಲ್ಲಿ ಹೇಳಿದರು. ಮಗ ಒಂದು ಪ್ಲಾಸ್ಟಿಕ್ ಗಟರ್ ಹಾಕಿಸಿದ. ಅದು ಮೊದಲ ಜೋರು ಮಳೆಗೇ ಜೋತುಬಿತ್ತು. ಆಮೇಲೆ ಅವರು ಲಿಖಿತ ದೂರು ಕೊಟ್ಟರು. ಅವರ ಮೇಲೆ ನಮ್ಮವರಿಗೆ ಸಿಟ್ಟಿತ್ತು. ನನಗೆ ಆ ಸಿಟ್ಟು ಸರಿ ಅನ್ನಿಸಲಿಲ್ಲ. ಸ್ವಂತ ಅಡುಗೆಮನೆಯಲ್ಲಿ ಕಿಟಕಿ ತೆರೆಯಲಾಗದೆ ಕೂತವರು ಇನ್ನೇನು ಮಾಡಬೇಕಿತ್ತು?

ನೋಟೀಸು

ಪಾಲಿಕೆಯ ಕನಿಷ್ಠ ಅಭಿಯಂತರು, ಅಂದರೆ ಜೂನಿಯರ್ ಇಂಜಿನಿಯರು, ಬಂದು ನೋಡಿಕೊಂಡು ಹೋದರು. ಕೆಲವು ದಿನಕ್ಕೆ ನೋಟೀಸು ಬಂತು, ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ 1966ರ ಕಲಂ 53ರ ಕೆಳಗೆ. ಕಾಕಾ ಅದನ್ನು ಓದಿ, ಮಡಚಿ, ದೇವರ ಜಗಲಿ ಮೇಲೆ ಇಟ್ಟರು. ಮರಾಠಿ ಓದಲು ಅವರಿಗೆ ತೊಂದರೆ ಇಲ್ಲ. ಭಾಷೆ ಅಡ್ಡ ಬರಲಿಲ್ಲ, ಹೆದರಿಕೆ ಅಡ್ಡ ಬಂತು. ಸುಮ್ನೆ ಇದ್ದರೆ ತಾನಾಗಿ ತಣ್ಣಗಾಗುತ್ತದೆ ಅಂದುಕೊಂಡರು. ಗಡುವಿನ ಅರ್ಧ ಹಾಗೇ ಕಳೆಯಿತು.

ನೋಟೀಸು ಬಂದವರಿಗೆ ನಾನು ಹೇಳುವ ಮೊದಲ ಮಾತು ಇದು: ಅದನ್ನು ತೆಗೆದುಕೊಂಡ ದಿನವೇ ಲಕೋಟೆ ಮೇಲೆ ತಾರೀಖು ಬರೆಯಿರಿ, ಒಳಗೆ ಕೊಟ್ಟ ಗಡುವು ನೋಡಿರಿ. ಯಾಕೆಂದರೆ ಕಲಂ 53ರಲ್ಲೇ ಒಂದು ಬಾಗಿಲು ಇದೆ. ಗಡುವಿನೊಳಗೆ ಮನೆಯವರು ಕಲಂ 44ರ ಕೆಳಗೆ ಅರ್ಜಿ ಹಾಕಬಹುದು, ಕಟ್ಟಿದ್ದನ್ನು ಉಳಿಸಿಕೊಳ್ಳಲು ಪರವಾನಗಿ ಕೊಡಿ ಅಂತ ಕೇಳಬಹುದು. ಅರ್ಜಿ ಇತ್ಯರ್ಥ ಆಗುವವರೆಗೆ ನೋಟೀಸಿನ ಕೆಲಸ ಮುಂದೆ ಹೋಗುವುದಿಲ್ಲ. ಪರವಾನಗಿ ಸಿಕ್ಕರೆ ನೋಟೀಸು ಹಿಂದಕ್ಕೆ ಹೋಗುತ್ತದೆ. ಒಂದು ಭಾಗಕ್ಕೆ ಮಾತ್ರ ಸಿಕ್ಕರೆ ಉಳಿದ ಭಾಗಕ್ಕೆ ನೋಟೀಸು ನಿಲ್ಲುತ್ತದೆ. ಗಡುವು ದಾಟಿದರೆ ಈ ಬಾಗಿಲು ಮುಚ್ಚುತ್ತದೆ. ಜಗಲಿ ಮೇಲಿಟ್ಟ ನೋಟೀಸು ಈ ಗಡುವನ್ನೇ ತಿನ್ನುತ್ತಿತ್ತು.

ಕಾಕಾ ನನ್ನೆದುರು ಕೂತು ಕೇಳಿದ್ದು ಇದು: “ಅಲ್ರೀ ಸರ, ಜಾಗಾ ನಮ್ದು, ಹಿತ್ತಲಾ ನಮ್ದು, ಗ್ವಾಡಿ ಇಲ್ಲ ಏನಿಲ್ಲ. ನಾಕ ಪೈಪ, ಮ್ಯಾಲ ಪತ್ರಾ. ಇದಕ್ಕ ಪರವಾನಗಿ ಯಾಕ?”

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಕಾಯ್ದೆಯಲ್ಲಿ ಸ್ಪಷ್ಟ ಉತ್ತರ ಇದೆ. ಕಾಯ್ದೆ ಹೇಳುವ ‘ವಿಕಾಸ’ದಲ್ಲಿ ಜಾಗದ ಮೇಲೆ, ಜಾಗದ ಒಳಗೆ, ಜಾಗದ ಕೆಳಗೆ ಮಾಡುವ ಎಲ್ಲ ಕಟ್ಟುವ ಕೆಲಸವೂ ಸೇರಿದೆ. ಜಾಗದ ಬಳಕೆ ಬದಲಿಸುವುದೂ ಸೇರಿದೆ. ಕಲಂ 43ರ ಪ್ರಕಾರ ಇದ್ಯಾವುದನ್ನೂ ಪರವಾನಗಿ ಇಲ್ಲದೆ ಮಾಡುವಂತಿಲ್ಲ. ಕಟ್ಟಡ ನಿಯಮಗಳಲ್ಲಿ, ಯಾವ ಸಾಮಾನಿನಿಂದ ಕಟ್ಟಿದರೂ, ಯಾವ ಕೆಲಸಕ್ಕೆ ಕಟ್ಟಿದರೂ, ಒಳಗೆ ಮನುಷ್ಯರು ಇರಲಿ ಬಿಡಲಿ, ಅದು ಕಟ್ಟಡವೇ. ಮದುವೆಗೆ ಹಾಕುವ ಮಂಟಪ, ಶಾಮಿಯಾನಕ್ಕೆ ವಿನಾಯಿತಿ ಇದೆ, ಅದೂ ಅನುಮತಿ ಪಡೆದರೆ. ಬಿಚ್ಚಲು ಬರುತ್ತದೆ ಅನ್ನುವುದು ಫ್ಯಾಬ್ರಿಕೇಟರನ ವಾದ, ನಿಯಮದ್ದಲ್ಲ. ಹಾಗೆ ನೋಡಿದರೆ ಬಿಚ್ಚಲು ಬರುವಂಥದ್ದನ್ನು ತೆಗೆಸುವುದು ಪಾಲಿಕೆಗೂ ಸುಲಭ. ತಾತ್ಕಾಲಿಕ ಅನಧಿಕೃತ ಕಟ್ಟಡಕ್ಕೆ ಅದೇ ಕಾಯ್ದೆಯಲ್ಲಿ ಕಲಂ 55 ಬೇರೆಯೇ ಇದೆ.

ಶಿಕ್ಷೆಯ ಮಾತೂ ಬಂತು. ಕಲಂ 52 ನೋಡಿದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ಕನಿಷ್ಠ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 2,000ದಿಂದ 5,000 ರೂಪಾಯಿ ದಂಡ, ತಪ್ಪು ಮುಂದುವರಿದರೆ ದಿನಕ್ಕೆ 200 ರೂಪಾಯಿವರೆಗೆ. ಕಾಕು ಆ ಸಾಲು ಕೇಳಿ ಎರಡು ದಿನ ಒಲೆ ಹಚ್ಚಲಿಲ್ಲ. ಹೇಳಿದ ಗಡುವಿನಲ್ಲಿ ತೆಗೆಯುವವರ ಮಟ್ಟಿಗೆ ವಿಷಯ ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ ಅಂತ ಅವರನ್ನು ಸಮಾಧಾನ ಮಾಡಬೇಕಾಯಿತು.

ಮನೆಯಲ್ಲಿದ್ದ ಕಾಗದಗಳು

ಕಾಕಾ ಒಂದು ಪ್ಲಾಸ್ಟಿಕ್ ಚೀಲ ತುಂಬ ಕಾಗದ ತಂದಿಟ್ಟರು. ಮಿಳಕತ್ ಕರದ (ಆಸ್ತಿ ತೆರಿಗೆಯ) ಪಾವತಿ, ಕರೆಂಟು ಬಿಲ್ಲು, ಕಾಕು ಹೆಸರಿನ ಎಫ್‌ಎಸ್‌ಎಸ್‌ಎಐ ನೋಂದಣಿ. “ಇಷ್ಟೆಲ್ಲಾ ಐತಲ್ರೀ” ಅಂದರು. ಹೌದು, ಎಲ್ಲ ಇತ್ತು. ಆದರೆ ಶೆಡ್ಡಿನ ಮಟ್ಟಿಗೆ ಅವು ಒಂದಕ್ಕೂ ಬರುವುದಿಲ್ಲ. ಆಹಾರ ನೋಂದಣಿ ತಿನ್ನುವ ಪದಾರ್ಥದ ಸುರಕ್ಷತೆಗೆ. ಕರದ ಪಾವತಿ ಕರ ಕಟ್ಟಿದ್ದಕ್ಕೆ. ಕರೆಂಟು ಬಿಲ್ಲು ಕರೆಂಟು ಉರಿಸಿದ್ದಕ್ಕೆ.

ಕರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇದರಲ್ಲಿ ಮೋಸ ಹೋಗುವವರು ಬಹಳ. ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆಯ ಕಲಂ 267ಎ ಪ್ರಕಾರ ಅನಧಿಕೃತ ಕಟ್ಟಡಕ್ಕೆ ಮಿಳಕತ್ ಕರದ ಎರಡು ಪಟ್ಟು ದಂಡ ಬೀಳುತ್ತದೆ. ಕರ ಒಂದು, ದಂಡ ಎರಡು, ಒಟ್ಟು ಮೂರು ಪಟ್ಟು. ಅದಕ್ಕೇ ಪುಣೆಯಲ್ಲಿ ತಿಪ್ಪಟ ಕರ ಅನ್ನುತ್ತಾರೆ. ಇಷ್ಟು ದುಡ್ಡು ಕಟ್ಟಿದ ಮೇಲೆ ಕಟ್ಟಡ ಸಕ್ರಮ ಆಯಿತು ಅಂತ ಜನ ತಿಳಿಯುತ್ತಾರೆ. ಆಗುವುದಿಲ್ಲ. ದಂಡ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗದು ಅಂತ ಆ ಕಲಮೇ ಹೇಳುತ್ತದೆ. ಪಕ್ಕದ ಪಿಂಪ್ರಿ-ಚಿಂಚವಡದಲ್ಲಿ ಇದೇ ದಂಡಕ್ಕೆ ಶಾಸ್ತಿ ಕರ ಅಂತ ಹೆಸರು. ಸಾವಿರಾರು ಮನೆಗಳ ಮೇಲೆ ವರ್ಷಗಟ್ಟಲೆ ಏರಿದ ಆ ಬಾಕಿಯನ್ನು ಸರ್ಕಾರ 2023ರಲ್ಲಿ ಮನ್ನಾ ಮಾಡಿತು. ಬಾಕಿ ಹೋಯಿತು. ಪರವಾನಗಿ ಇಲ್ಲದ ಮನೆ ಪರವಾನಗಿ ಇಲ್ಲದ್ದೇ ಆಗಿ ಉಳಿಯಿತು.

ಬೇಕಾದ ಕಾಗದ ಚೀಲದಲ್ಲಿ ಇರಲಿಲ್ಲ. ಅದು ಕಪಾಟಿನ ಮೇಲೆ, ಹಳೇ ಕ್ಯಾಲೆಂಡರುಗಳ ಜೊತೆ ಸುರುಳಿ ಸುತ್ತಿ ಇತ್ತು. 1991ರ ಮಂಜೂರಾದ ನಕಾಶೆ.

ನಕಾಶೆ ಬಿಚ್ಚಿದಾಗ

ಮಂಚದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಇಟ್ಟೆವು. ಕಾಗದ ಹಳದಿಯಾಗಿತ್ತು, ಗೆರೆ ಸ್ಪಷ್ಟವಾಗಿದ್ದವು. ನಕಾಶೆಗೆ ಬಣ್ಣದ ಪದ್ಧತಿ ಇದೆ. ಹೊಸದಾಗಿ ಕಟ್ಟುವುದು ಕೆಂಪು, ಕೆಡವಬೇಕಾದ್ದು ಹಳದಿ ಗೆರೆ, ಡ್ರೈನೇಜ್ ಕೆಂಪು ಚುಕ್ಕೆಗೆರೆ. ಮನೆಯ ಹಿಂದೆ, ಗೋಡೆಯಿಂದ ಕಂಪೌಂಡಿನವರೆಗೆ ಒಂದು ಬಾಣದ ಗುರುತು, ಅದರ ಮೇಲೆ 3.00 ಮೀ. ಎಂದು ಬರೆದಿತ್ತು. ಅಂದರೆ 9 ಅಡಿ 10 ಇಂಚು. ಅದೇ ಹಿಂದಿನ ಮಾರ್ಜಿನ್. ಶೆಡ್ಡಿನ ಅಗಲ 10 ಅಡಿ. ಬಿಡಬೇಕಾದ ಜಾಗವನ್ನು ಅದು ಈ ತುದಿಯಿಂದ ಆ ತುದಿಗೆ ನುಂಗಿತ್ತು.

ಆ ಮೂರು ಮೀಟರಿನ ನಡುವೆ ಕೆಂಪು ಚುಕ್ಕೆಗೆರೆ ಓಡಿತ್ತು. ಅದರ ಮೇಲೆ ಒಂದು ಸಣ್ಣ ಚೌಕ. ಡ್ರೈನೇಜ್ ಚೇಂಬರ್. “ಕಾಕು, ಈ ಚೇಂಬರ್ ಈಗ ಎಲ್ಲಿದೆ?” ಅಂತ ಕೇಳಿದೆ. ಅವರಿಗೆ ನೆನಪಿರಲಿಲ್ಲ. ಮಗನಿಗೆ ಗೊತ್ತಿತ್ತು. ಎಲ್ಲರೂ ಹಿತ್ತಲಿಗೆ ಹೋದೆವು. ಅವನು ಜೋಳದ ಚೀಲ ಒಂದೊಂದೇ ಸರಿಸಿದ. ಕೆಳಗೆ ಹೊಸ ಕಾಂಕ್ರೀಟು. ಮುಚ್ಚಳ ಅದರ ಕೆಳಗೆ ಹೋಗಿತ್ತು. ಅಂಚಿನ ಒಂದು ಕಬ್ಬಿಣದ ಗೆರೆ ಮಾತ್ರ ಕಾಣುತ್ತಿತ್ತು, ಅದರ ಸುತ್ತ ತೇವ, ಒಂದು ನಮೂನೆ ವಾಸನೆ. ಅಡುಗೆಮನೆ, ಬಚ್ಚಲು, ಸಂಡಾಸಿನ ನೀರೆಲ್ಲ ಹೋಗುವುದು ಅದೇ ದಾರಿಯಲ್ಲಿ. ಆ ಲೈನು ಕಟ್ಟಿಕೊಂಡರೆ ಬಿಚ್ಚಿ ಸರಿಮಾಡಲು ಇರುವ ಒಂದೇ ಜಾಗ ಅದು. ತಿನ್ನುವ ಜೋಳ ಅದರ ಮೇಲೆ ಕೂತಿತ್ತು.

ಕಾಕು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದನ್ನ ಮದ್ಲ ತಗಸ್ರೀ” ಅಂದರು. ನೋಟೀಸಿಗೆ ಹೆದರಿ ಹೇಳಿದ ಮಾತಲ್ಲ ಅದು.

ಮಾರ್ಜಿನ್ ಅಂದರೆ ಸರ್ಕಾರ ನಮ್ಮ ಜಾಗದಲ್ಲಿ ಸುಮ್ನೆ ಕಸಿದುಕೊಂಡ ಪಟ್ಟಿ ಅಂತ ಬಹಳ ಜನ ತಿಳಿದಿದ್ದಾರೆ. ದಯವಿಟ್ಟು ಹಾಗೆ ನೋಡಬೇಡಿ. ಆ ಪಟ್ಟಿಯಲ್ಲೇ ಡ್ರೈನೇಜ್ ಹೋಗುತ್ತದೆ. ಅಲ್ಲಿಂದಲೇ ಎರಡೂ ಮನೆಗೆ ಗಾಳಿ, ಬೆಳಕು ಬರುತ್ತದೆ. ಬೆಂಕಿ ಬಿದ್ದರೆ ಮನೆಯ ಹಿಂಬದಿಗೆ ಸುತ್ತಿ ಬರಲು ದಾರಿ ಅದೇ. ಈ ಶೆಡ್ಡಿನೊಳಗೆ 19 ಕಿಲೋದ ಎರಡು ವಾಣಿಜ್ಯ ಸಿಲಿಂಡರ್ ಇದ್ದವು, ಕಂಪೌಂಡಿನಾಚೆ ಪಕ್ಕದವರ ಕಿಟಕಿ. ಅದಕ್ಕೇ ಮಾರ್ಜಿನ್ ಆಕಾಶಕ್ಕೆ ತೆರೆದಿರಬೇಕು ಅನ್ನುವ ನಿಯಮ. ನನ್ನ ಜಾಗದ ಮೂರು ಮೀಟರ್ ಪಕ್ಕದವರ ಉಸಿರಿಗೆ, ಅವರ ಮೂರು ಮೀಟರ್ ನನ್ನ ಉಸಿರಿಗೆ. ಒಬ್ಬರು ಮುಚ್ಚಿದರೆ ಇಬ್ಬರಿಗೂ ನಷ್ಟ.

ಕೇಳಿಬಂದ ಸಲಹೆಗಳು

ಈ ಹೊತ್ತಿಗೆ ನೆಂಟರೆಲ್ಲ ಸಲಹೆ ಕೊಡಲು ಶುರುಮಾಡಿದ್ದರು. ಅವನ್ನೂ ಬರೆಯುತ್ತೇನೆ, ಯಾಕೆಂದರೆ ಇವೇ ಸಲಹೆ ಎಲ್ಲ ಮನೆಯಲ್ಲೂ ಬರುತ್ತವೆ.

ಮಗ ಮೊಬೈಲಿನಲ್ಲಿ ಒಂದು ಸುದ್ದಿ ತೋರಿಸಿದ. ಸುಪ್ರೀಂ ಕೋರ್ಟ್ 13 ನವೆಂಬರ್ 2024ರಂದು ಕಟ್ಟಡ ಕೆಡವುವ ವಿಷಯದಲ್ಲಿ ಕೊಟ್ಟ ತೀರ್ಪು. “ಹಂಗೆಲ್ಲಾ ಒಡೆಯಾಕ ಬರಂಗಿಲ್ಲ ಅಂದೈತಿ ಕೋರ್ಟು” ಅಂದ. ತೀರ್ಪು ನಿಜ, ಬಹಳ ಮುಖ್ಯವಾದದ್ದು. 15 ದಿನಗಳ ನೋಟೀಸು ಕೊಡದೆ ಕೆಡವುವಂತಿಲ್ಲ, ಮನೆಯವರ ಮಾತು ಕೇಳಬೇಕು, ಕಾರಣ ಬರೆದ ಆದೇಶ ಮಾಡಬೇಕು ಅಂತ ಅದು ಹೇಳುತ್ತದೆ. ರಸ್ತೆ, ಫುಟ್‌ಪಾತ್, ನದಿಯಂಥ ಸಾರ್ವಜನಿಕ ಜಾಗದ ಅತಿಕ್ರಮಣಕ್ಕೆ ಇದು ಅನ್ವಯಿಸುವುದಿಲ್ಲ. ಬಡವರ ಮನೆ ರಾತ್ರೋರಾತ್ರಿ ಉರುಳದಂತೆ ಕಾಯುವ ತೀರ್ಪು ಅದು. ಆದರೆ ಅದು ಕಾಯುವುದು ಕ್ರಮವನ್ನು. ಪರವಾನಗಿ ಇಲ್ಲದ್ದಕ್ಕೆ ಪರವಾನಗಿ ಕೊಡುವುದಿಲ್ಲ. ಒಂದು ತಿಂಗಳ ನಂತರ, 17 ಡಿಸೆಂಬರ್ 2024ರಂದು ಅದೇ ಕೋರ್ಟು ಇನ್ನೊಂದು ಪ್ರಕರಣದಲ್ಲಿ, ಬಹಳ ವರ್ಷ ಆಯಿತು, ಬಹಳ ದುಡ್ಡು ಹಾಕಿದ್ದಾರೆ ಅನ್ನುವ ಕಾರಣಕ್ಕೆ ಅಕ್ರಮ ಕಟ್ಟಡ ಸಕ್ರಮ ಆಗುವುದಿಲ್ಲ ಅಂತ ಖಡಾಖಂಡಿತ ಹೇಳಿದೆ. ಎರಡನ್ನೂ ಒಟ್ಟಿಗೆ ಓದಬೇಕು.

ಮುಂಬೈಯ ಬೀಗರೊಬ್ಬರು, ಅಲ್ಲಿ ಮಳೆಗಾಲಕ್ಕೆ ತಾತ್ಕಾಲಿಕ ಶೆಡ್ಡಿಗೆ ಅನುಮತಿ ಸಿಗುತ್ತದೆ, ಇಲ್ಲೂ ಹಾಗೇ ಬರೆದುಕೊಡಿ ಅಂದರು. ಮುಂಬೈಯಲ್ಲಿ ಅಂಥ ಪದ್ಧತಿ ಇದೆ, ಮಳೆಗಾಲ ಮುಗಿದ ಮೇಲೆ ತೆಗೆಯಬೇಕು ಅನ್ನುವ ಷರತ್ತಿನ ಮೇಲೆ. ಆದರೆ ಮುಂಬೈಯ ನಿಯಮಾವಳಿ ಬೇರೆ. ಪುಣೆಗೆ ಅನ್ವಯಿಸುವುದು ಡಿಸೆಂಬರ್ 2020ರಲ್ಲಿ ಬಂದ ರಾಜ್ಯದ ಏಕೀಕೃತ ನಿಯಮಾವಳಿ, ಎಲ್ಲರೂ ಯುಡಿಸಿಪಿಆರ್ ಅನ್ನುತ್ತಾರಲ್ಲ, ಅದು. ಮುಂಬೈ ಅದರಿಂದ ಹೊರಗಿದೆ. ಒಂದು ಊರಿನ ಸಲಹೆಯನ್ನು ಇನ್ನೊಂದು ಊರಲ್ಲಿ ಬಳಸಬಾರದು. ಅದೂ ಅಲ್ಲದೆ ಕಾಕುಗೆ ಶೆಡ್ಡು ಬೇಕಾದ್ದು ವರ್ಷಪೂರ್ತಿ.

ಇನ್ನೊಬ್ಬರು ಗುಂಠೇವಾರಿ ಅಂದರು. 2001ರ ಗುಂಠೇವಾರಿ ಕಾಯ್ದೆ ಬೇರೆ ಥರದ ಮನೆಗಳಿಗೆ. ಹೊಲವನ್ನು ಗುಂಟೆ ಗುಂಟೆ ಹಂಚಿ ಮಾರಿದ, ಲೇಔಟ್ ಮಂಜೂರಿ ಇಲ್ಲದ ಪ್ಲಾಟುಗಳಿಗೆ. 2021ರ ತಿದ್ದುಪಡಿಯಲ್ಲಿ ಅದರ ಗಡಿ 31 ಡಿಸೆಂಬರ್ 2020ರವರೆಗೆ ಬಂತು. ಮಂಜೂರಾದ ಲೇಔಟಿನಲ್ಲಿ ಮಂಜೂರಾದ ನಕಾಶೆ ಇರುವ ಮನೆಗೆ, 2025ರಲ್ಲಿ ಎದ್ದ ಶೆಡ್ಡಿಗೆ, ಅದರಿಂದ ಏನೂ ಆಗುವುದಿಲ್ಲ.

ಯಾರನ್ನಾದರೂ ಕಂಡು ‘ಮ್ಯಾನೇಜ್’ ಮಾಡಿ ಅನ್ನುವ ಸಲಹೆಯೂ ಬಂತು. ಅದಕ್ಕೆ ಕಾಕು ಬೇಡ ಅಂದರು. ಅವರ ಮೇಲಿನ ಗೌರವ ನನಗೆ ಅವತ್ತು ಜಾಸ್ತಿ ಆಯಿತು.

ಕೈಗೊಂಡ ದಾರಿ

ಕಾನೂನಿನ ಪ್ರಕಾರ ಶೆಡ್ ಉಳಿಸಿಕೊಳ್ಳಲು ಅರ್ಜಿ ಹಾಕಬಹುದಿತ್ತು. ಅದರಿಂದ ಕೆಲವು ತಿಂಗಳು ಸಿಗುತ್ತಿತ್ತು. ನಾನು ಬೇಡ ಅಂದೆ. ಪೂರ್ತಿ ಮಾರ್ಜಿನ್‌ನಲ್ಲಿ, ಚೇಂಬರಿನ ಮೇಲೆ ಕೂತದ್ದಕ್ಕೆ ಪರವಾನಗಿ ಸಿಗುವುದಿಲ್ಲ ಅಂತ ಮೊದಲೇ ಗೊತ್ತಿದ್ದಾಗ ಸುಮ್ನೆ ಕಾಲ ತಳ್ಳಲು ಅರ್ಜಿ ಹಾಕುವುದು ಸರಿಯಲ್ಲ. ಪಕ್ಕದವರು ಇನ್ನೊಂದು ಮಳೆಗಾಲ ಹೊಗೆ ಕುಡಿಯಬೇಕಾಗುತ್ತಿತ್ತು. ನಮ್ಮ ಮುಂದಿನ ಅರ್ಜಿಗೂ ಅದರಿಂದ ಒಳ್ಳೆಯ ಹೆಸರು ಬರುತ್ತಿರಲಿಲ್ಲ.

ಇನ್ನೊಂದು ಕಡೆ ನಕಾಶೆಯಲ್ಲೇ ಒಂದು ಒಳ್ಳೆಯ ಸುದ್ದಿ ಇತ್ತು. ಅಡುಗೆಮನೆಯ ಪಕ್ಕದಲ್ಲಿ, ಮಾರ್ಜಿನ್ ಗೆರೆಯ ಒಳಗಡೆಯೇ, ‘ಸ್ಟೋರ್’ ಅಂತ ಒಂದು ಕೋಣೆ ಬರೆದಿತ್ತು. 1991ರಲ್ಲಿ ದುಡ್ಡು ಸಾಲದೆ ಅದನ್ನು ಕಟ್ಟಿರಲಿಲ್ಲ. ಆ ಜಾಗದಲ್ಲಿ ಈಗ ಕರಿಬೇವು, ಒಂದು ನೀರಿನ ಡ್ರಮ್ಮು. ಯುಡಿಸಿಪಿಆರ್‌ನಲ್ಲಿ ಇಂಥ ಬಡಾವಣೆಗೆ ಮೂಲ ಎಫ್‌ಎಸ್‌ಐ 1.1, ಅಂದರೆ ಜಾಗದ ವಿಸ್ತೀರ್ಣದ 1.1 ಪಟ್ಟು ಕಟ್ಟಬಹುದು. ಮನೆ ನೆಲಮಹಡಿಯಷ್ಟೇ ಇರುವುದರಿಂದ ಕಟ್ಟಲು ಹಕ್ಕು ಬೇಕಾದಷ್ಟು ಉಳಿದಿತ್ತು. ಹಕ್ಕು ಇಲ್ಲದ ಕಡೆ ಕಟ್ಟಿದ್ದರು, ಹಕ್ಕು ಇದ್ದ ಕಡೆ ಖಾಲಿ ಬಿಟ್ಟಿದ್ದರು. ಒಂದು ಗಂಟೆ ನಕಾಶೆ ನೋಡಿದ್ದರೆ ಆ 80 ಸಾವಿರ ಪಕ್ಕಾ ಕೋಣೆಗೆ ಹೋಗುತ್ತಿತ್ತು. ಈ ಮಾತು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹಾಗಾದರೆ ಹಳೇ ನಕಾಶೆಯ ಮೇಲೆ ಈಗಲೇ ಕಟ್ಟಿಬಿಡೋಣ ಅಂದ ಮಗ. ಅದೂ ಆಗುವುದಿಲ್ಲ. ಕಲಂ 48ರ ಪ್ರಕಾರ ಕಟ್ಟಲು ಕೊಟ್ಟ ಪರವಾನಗಿ ಒಂದು ವರ್ಷ ನಡೆಯುತ್ತದೆ. ನವೀಕರಣ ಮಾಡಿಸಿದರೂ ಅದಕ್ಕೊಂದು ಮಿತಿ ಇದೆ. ಮೂವತ್ತು ವರ್ಷದ ಹಿಂದಿನ ಪರವಾನಗಿ ಎಂದೋ ಸತ್ತಿದೆ. ಹೊಸ ಅರ್ಜಿಯೇ ಬೇಕು.

ನಾವು ನೋಟೀಸಿಗೆ ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟೆವು. ಅದರಲ್ಲಿ ಯಾವ ಸುತ್ತುಬಳಸೂ ಇರಲಿಲ್ಲ. ಶೆಡ್ ಪರವಾನಗಿ ಇಲ್ಲದ್ದು ಹೌದು, ಇಂಥ ತಾರೀಖಿನೊಳಗೆ ನಾವೇ ತೆಗೆಯುತ್ತೇವೆ, ತೆಗೆದ ಮೇಲೆ ಫೋಟೊ ಸಹಿತ ತಿಳಿಸುತ್ತೇವೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಂಡೆವು. ಬಾಯಿಮಾತಿಗೆ ಕಚೇರಿಯಲ್ಲಿ ಬೆಲೆ ಇಲ್ಲ. ಮುದ್ರೆ ಬಿದ್ದ ಕಾಗದಕ್ಕೆ ಇದೆ.

ಆ ಫ್ಯಾಬ್ರಿಕೇಟರ್ ಬಿಚ್ಚಲು ಬರಲಿಲ್ಲ. ಬೇರೆಯವರು ಬಂದು ಬಿಚ್ಚಿದರು. ಪೈಪು, ಪತ್ರಾ ಮಾರಿ ಒಂದಿಷ್ಟು ಹಣ ವಾಪಸು ಬಂತು. ಕಾಂಕ್ರೀಟು ನೆಲ ಒಡೆಯುವ ಕೆಲಸವೇ ದೊಡ್ಡದು. ಚೇಂಬರಿನ ಮುಚ್ಚಳ ಎತ್ತಿದಾಗ ಒಳಗೆ ಸಿಮೆಂಟಿನ ಗಟ್ಟಿ ಕೂತು ಅರ್ಧ ದಾರಿ ಮುಚ್ಚಿತ್ತು. ಅದನ್ನು ತೆಗೆಸಿ, ಹೊಸ ಮುಚ್ಚಳ ಹಾಕಿಸಿದೆವು. ಇಷ್ಟಾದ ಮೇಲೆ ಕನಿಷ್ಠ ಅಭಿಯಂತರು ಬಂದು ನೋಡಿ ವರದಿ ಬರೆದುಕೊಂಡರು. ಅವರ ನಡವಳಿಕೆಯಲ್ಲಿ ನಮಗೆ ಯಾವ ಕುಂದೂ ಕಾಣಲಿಲ್ಲ.

ಹೊಸ ಅರ್ಜಿಗೆ ಹೋದಾಗ ಇನ್ನೊಂದು ಗಂಟು ಸಿಕ್ಕಿತು. ಇಂಥ ಹಳೇ ಸಹಕಾರಿ ಬಂಗಲೆ ಸೊಸೈಟಿಗಳಲ್ಲಿ ಎಷ್ಟೋ ಕಡೆ ಜಾಗ ಸೊಸೈಟಿಯ ಹೆಸರಲ್ಲೇ ಇರುತ್ತದೆ, ಸದಸ್ಯರು ಲೀಸಿನ ಮೇಲೆ ಇರುತ್ತಾರೆ. ಇಲ್ಲೂ ಪ್ರಾಪರ್ಟಿ ಕಾರ್ಡಿನಲ್ಲಿ ಸೊಸೈಟಿಯ ಹೆಸರಿತ್ತು. ಆದ್ದರಿಂದ ಸೊಸೈಟಿಯ ನಾಹರಕತ್ ಪತ್ರ, ಅಂದರೆ ನಮ್ಮ ತಕರಾರಿಲ್ಲ ಅನ್ನುವ ಪತ್ರ ಬೇಕು. ಕಮಿಟಿಯಲ್ಲಿ ಹಿಂದಿನ ಮನೆಯ ಹಿರಿಯರೂ ಇದ್ದರು. ಕಾಕಾ ಅವರ ಮನೆಗೆ ಹೋಗಲು ಹಿಂಜರಿದರು. ಕಾಕುವೇ ಹೋದರು, ನಕಾಶೆ ಹಿಡಿದುಕೊಂಡು, ನನ್ನನ್ನೂ ಕರೆದುಕೊಂಡು. ಕೋಣೆ ಎಲ್ಲಿ ಬರುತ್ತದೆ, ಹೊಗೆ ಎತ್ತ ಹೋಗುತ್ತದೆ, ಮಳೆನೀರು ಎಲ್ಲಿ ಬೀಳುತ್ತದೆ ಅಂತ ಬೆರಳಿಟ್ಟು ತೋರಿಸಿದರು. ಹಿರಿಯರು ಕೇಳಿದ್ದು ಒಂದೇ: ಚಿಮಣಿ ನಮ್ಮ ಕಡೆ ಬೇಡ. ಅದನ್ನು ನಕಾಶೆಯಲ್ಲೇ ಬರೆದುಕೊಟ್ಟೆ. ಪತ್ರ ಸಿಕ್ಕಿತು.

ರೊಟ್ಟಿ ಮಾಡುವುದೇ ತಪ್ಪಾ ಅನ್ನುವ ಪ್ರಶ್ನೆ ಉಳಿದಿತ್ತು. ದೂರಿನಲ್ಲಿ ‘ಕಾರ್ಖಾನೆ’ ಅನ್ನುವ ಮಾತಿತ್ತು. ವಸತಿ ಭಾಗದಲ್ಲಿ ಮನೆಯವರೇ ಸೇರಿ, ಕೂಲಿಯಾಳು ಇಡದೆ ಮಾಡುವ ರೂಢಿಯ ಮನೆ ಉದ್ಯೋಗಕ್ಕೆ ನಿಯಮದಲ್ಲಿ ಜಾಗ ಇದೆ. ಕಾಕು ಜೊತೆ ಸೊಸೆ ಬಡಿಯುತ್ತಾಳೆ, ಅದಕ್ಕೆ ತಕರಾರಿಲ್ಲ. ಆದರೆ ಹೊರಗಿನ ಇಬ್ಬರು ಹೆಣ್ಣುಮಕ್ಕಳು ದಿನಗೂಲಿಗೆ ಬರುತ್ತಿದ್ದರು. ಇಲ್ಲಿ ನಿಯಮ ಬಡವರ ಮೇಲೆ ಭಾರವಾಗಿ ಬೀಳುತ್ತದೆ ಅಂತ ನನಗೆ ಅನ್ನಿಸುತ್ತದೆ. ಇಬ್ಬರನ್ನು ಜೊತೆಗೆ ಕೂರಿಸಿಕೊಂಡು ರೊಟ್ಟಿ ಬಡಿಯುವ ಹೆಂಗಸಿಗೆ ಈ ನಗರದಲ್ಲಿ ಅಂಗಡಿ ಬಾಡಿಗೆ ಕೈಗೆಟಕುವುದಿಲ್ಲ, ಮನೆಯಲ್ಲಿ ಅವಕಾಶ ಇಲ್ಲ. ನಡುವೆ ಒಂದು ದಾರಿ ಇರಬೇಕಿತ್ತು. ಈಗಿರುವ ನಿಯಮಕ್ಕೆ ತಕ್ಕಂತೆ ಕಾಕು ಏರ್ಪಾಟು ಬದಲಿಸಿದರು. ಆ ಇಬ್ಬರೂ ತಮ್ಮ ತಮ್ಮ ಮನೆಯಲ್ಲೇ ರೊಟ್ಟಿ ಮಾಡಿ ತಂದುಕೊಡುತ್ತಾರೆ, ತಮ್ಮ ಹೆಸರಲ್ಲಿ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡಿದ್ದಾರೆ. ಇಲ್ಲಿ ಕಟ್ಟುವುದು, ಕಳಿಸುವುದು.

ಅರ್ಜಿಯ ಜೊತೆ ಹೋದದ್ದು ಹಳೇ ಮಂಜೂರಿ ನಕಾಶೆ, ಹೊಸ ನಕಾಶೆ, ಪ್ರಾಪರ್ಟಿ ಕಾರ್ಡು, ಲೀಸ್ ಪತ್ರ, ಸೊಸೈಟಿಯ ಪತ್ರ, ಕರ ಬಾಕಿ ಇಲ್ಲದ ದಾಖಲೆ, ಶೆಡ್ ತೆಗೆದ ವರದಿ. ವಿಕಾಸ ಶುಲ್ಕ ಕಟ್ಟಿಸಿಕೊಂಡರು. ಮಂಜೂರಿಗೆ ಸಮಯ ಹಿಡಿಯಿತು. ಅಷ್ಟು ದಿನ ಖಟಕ್ ರೊಟ್ಟಿಯ ಆರ್ಡರು ಅರ್ಧಕ್ಕೆ ಇಳಿಸಬೇಕಾಯಿತು.

ನೆರಳಿಗೆ ಹಿತ್ತಲಲ್ಲಿ ಏನೂ ಹಾಕುವಂತಿಲ್ಲವಾ ಅಂತ ಕಾಕು ಕೊನೆಗೂ ಕೇಳಿದರು. ಗೋಡೆಯಿಂದ 75 ಸೆಂಟಿಮೀಟರ್‌ವರೆಗೆ ಸಜ್ಜಾ ಚಾಚಬಹುದು. ಅಡುಗೆಮನೆಯ ಹಿಂಬಾಗಿಲ ಮೇಲೆ ಅಷ್ಟನ್ನು ನಕಾಶೆಯಲ್ಲಿ ತೋರಿಸಿದೆವು. ಚಪ್ಪಲಿ ಬಿಟ್ಟು ನಿಲ್ಲಲು ಸಾಕು.

ಕೋಣೆ ಈಗ ಎದ್ದಿದೆ. 9 ಅಡಿಗೆ 10 ಅಡಿ, ಅಡುಗೆಮನೆಯಿಂದಲೇ ಬಾಗಿಲು, ಎರಡು ಕಡೆ ಜಾಳಿ ಕಿಟಕಿ, ರೊಟ್ಟಿ ಹರಡಲು ಗೋಡೆಗೆ ಮೂರು ಸಾಲು ಹಲಗೆ. ಚಿಮಣಿ ನಮ್ಮದೇ ಟೆರೇಸಿನ ಮೇಲೆ ಹೋಗುತ್ತದೆ. ಸಿಲಿಂಡರ್ ಹೊರಗೋಡೆಗೆ, ಗಾಳಿ ಆಡುವ ಕಡೆ ಇದೆ. ಜೋಳದ ಚೀಲ ನೆಲಕ್ಕೆ ತಾಗದಂತೆ ಮರದ ಮಣೆಯ ಮೇಲೆ. ಭೋಗವಟಾ ಪತ್ರಕ್ಕೆ (ಕಟ್ಟಿದ್ದನ್ನು ಬಳಸಲು ಪಾಲಿಕೆ ಕೊಡುವ ಪತ್ರಕ್ಕೆ) ಅರ್ಜಿ ಕೊಟ್ಟಾಗಿದೆ. ಅದು ಕೈಗೆ ಬಂದ ಮೇಲೆ ಕರದ ಕಚೇರಿಗೆ ಹೋಗಿ ಹೊಸ ಕೋಣೆಯನ್ನು ಆಕಾರಣಿಗೆ (ಕರದ ಲೆಕ್ಕಕ್ಕೆ) ಸೇರಿಸಬೇಕು. ಕಾಕಾ ಆ ಕೆಲಸ ತಾವೇ ಮಾಡುತ್ತೇನೆ ಅಂದಿದ್ದಾರೆ, ಕಾಗದಗಳಿಗೆ ಒಂದು ಫೈಲು ತಂದಿದ್ದಾರೆ.